ಸಹಾಯ ಬೇಕು: ಕರೆಂಟ್ ಕುಕ್ಕರ್‌ನಲ್ಲಿ ಜವಾರಿ ಕೋಳಿ ಬೇಯಿಸೋದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾವು ಕೊಪ್ಪಳದವರು. ಮಗ ಕರೆಂಟ್ ಕುಕ್ಕರ್ ತಂದುಕೊಟ್ಟಿದ್ದಾನೆ. ಫಾರಂ ಕೋಳಿ ಅದರಲ್ಲಿ 10 ನಿಮಿಷಕ್ಕೆ ಮೆತ್ತಗೆ ಬೇಯುತ್ತದೆ. ಜವಾರಿ ಕೋಳಿಯದೇ ಚಿಂತೆ. 25 ನಿಮಿಷ ಇಟ್ಟರೂ ತೊಡೆಯ ತುಂಡು ಎಲುಬು ಬಿಡುತ್ತಿಲ್ಲ, ಹಲ್ಲಿಗೆ ನಾರು ನಾರು. ಇದರಲ್ಲಿ ಸೀಟಿ ಲೆಕ್ಕ ಇಲ್ಲ, ಒತ್ತಡವೂ ಒಲೆ ಮೇಲಿನ ಕುಕ್ಕರ್‌ಗಿಂತ ಕಡಿಮೆ ಅಲ್ವಾ? ಹಾಗಾದರೆ ಎಷ್ಟು ಹೊತ್ತು ಇಡಬೇಕು?

ಒಣಕೊಬ್ಬರಿ, ಗಸಗಸೆ ಅರೆದ ಮಸಾಲೆ ಮೊದಲೇ ಹಾಕಿದರೆ ತಳ ಹಿಡಿದು, ‘ಬರ್ನ್’ ಅಂತ ತೋರಿಸಿ ನಿಂತುಬಿಡುತ್ತದೆ. ಬರೀ ಅರಿಶಿನ, ಉಪ್ಪು, ನೀರಿನಲ್ಲಿ ಬೇಯಿಸಿ ಮಸಾಲೆ ಆಮೇಲೆ ಹಾಕಿ ಕುದಿಸಿದರೆ ತುಂಡಿಗೆ ರುಚಿ ಇಳಿಯುತ್ತದಾ? ಭಾನುವಾರ ಬೀಗರು ಬರುತ್ತಾರೆ, ರೊಟ್ಟಿಗೆ ಸಾರು ಗಟ್ಟಿಯಾಗಿಯೇ ಬೇಕು. ಮಾಡಿ ನೋಡಿದವರು ದಯವಿಟ್ಟು ನೀರಿನ ಅಳತೆ ಸಮೇತ ತಿಳಿಸಿ.