ಬೋಲ್ಟ್, ಕೋಣ ಮತ್ತು ಅಜ್ಜನ ಒಂದು ಪವನ್

ಭಾನುವಾರ ಬೆಳಗ್ಗೆ 6:52ಕ್ಕೆ ಮುಂಬೈ ಭಾವ ನಮ್ಮ ಕುಟುಂಬದ ಗುಂಪಿಗೆ ಒಂದು ಫಾರ್ವರ್ಡ್ ಹಾಕಿದರು. ಕೋಣಗಳ ಹಿಂದೆ ಕೆಸರು ಹಾರಿಸುತ್ತಾ ಓಡುವ ಶ್ರೀನಿವಾಸ ಗೌಡರ ಫೋಟೊ, ಪಕ್ಕದಲ್ಲಿ ಉಸೇನ್ ಬೋಲ್ಟ್, ಕೆಳಗೆ ದಪ್ಪ ಅಕ್ಷರದಲ್ಲಿ "ನಿನ್ನೆಯ ಕಂಬಳದಲ್ಲಿ 100 ಮೀಟರಿಗೆ 9.55 ಸೆಕೆಂಡ್, ವಿಶ್ವದಾಖಲೆ ಪುಡಿಪುಡಿ! ಯಾವ ಚಾನೆಲ್ಲೂ ತೋರಿಸುವುದಿಲ್ಲ. ನಿಜವಾದ ಕನ್ನಡಿಗರಾದರೆ ಹತ್ತು ಜನರಿಗೆ ಕಳಿಸಿ." ಗುಂಪಿನಲ್ಲಿ 43 ಜನ ಇದ್ದೇವೆ. ಮನೆಯಲ್ಲಿ ಮಾತಾಡುವುದು ತುಳು, ಇಲ್ಲಿ ಜಗಳ ಆಡುವುದು ಕನ್ನಡದಲ್ಲಿ. ಅಡ್ಮಿನ್ ನಾನು, ಅಂದರೆ ಎರಡೂ ಕಡೆಯ ಬೈಗುಳ ತಿನ್ನುವವನು.

ಯಾರ ಹೆಸರನ್ನೂ ಬರೆಯುವುದಿಲ್ಲ, ನನ್ನ ಫೋನಿನಲ್ಲಿ ಹೇಗೆ ಸೇವ್ ಆಗಿದೆಯೋ ಹಾಗೇ ಹಾಕುತ್ತೇನೆ.

ಮಣಿಪಾಲದ ಅಕ್ಕ: ಭಾವ, ನಿನ್ನೆ ಅಲ್ಲ. ಇದು 2020ರ ಫೆಬ್ರವರಿ 1, ಐಕಳ ಕಂಬಳ. 142.5 ಮೀಟರ್, 13.62 ಸೆಕೆಂಡ್. ಆಗ ತೋರಿಸದ ಚಾನೆಲ್ ಯಾವುದಿತ್ತು ಹೇಳಿ. ಮುಖ್ಯಮಂತ್ರಿ ಯಡಿಯೂರಪ್ಪ ಬೆಂಗಳೂರಿಗೆ ಕರೆಸಿ 3 ಲಕ್ಷ ಕೊಟ್ಟಿದ್ದರು.

ಮುಂಬೈ ಭಾವ: ಹಾಗಾದರೆ ಓಡಿದ್ದು ಸುಳ್ಳಾ?

ಮಣಿಪಾಲದ ಅಕ್ಕ: ಓಡಿದ್ದು ನಿಜ. 100 ಮೀಟರಿಗೆ 9.55 ಅನ್ನುವುದು ಬರೀ ಭಾಗಾಕಾರ. 100 ಮೀಟರ್ ದಾಟಿದಾಗ ಯಾರೂ ಗಡಿಯಾರ ನೋಡಿಲ್ಲ. ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ 9.58ಕ್ಕೆ ಓಡಿದಾಗ ಮುಂದೆ ಎಳೆಯಲಿಕ್ಕೆ ಎರಡು ಕೋಣ ಇರಲಿಲ್ಲ. ಹೋಲಿಕೆ ಬೇಕೇ ಬೇಕು ಅಂದರೆ ಅದೇ ವರ್ಷ ಅವನು ಮ್ಯಾಂಚೆಸ್ಟರಿನ ರಸ್ತೆಯಲ್ಲಿ 150 ಮೀಟರ್ ಓಡಿದ್ದು ನೋಡಿ, 14.35. ದೂರವೂ ಹತ್ತಿರ ಹತ್ತಿರ, ಲೆಕ್ಕ ಹಾಕಿದರೆ ವೇಗವೂ ಹೆಚ್ಚು ಕಡಿಮೆ ಒಂದೇ.

ಮುಂಬೈ ಭಾವ: ನೋಡಿದಿರಾ ಎಲ್ಲರೂ, ಒಂದೇ ಅಂತ ಅವಳೇ ಒಪ್ಪಿದಳು 👏👏👏

ಇಲ್ಲಿಗೆ ಬೋಲ್ಟ್ ಕಥೆ ಮುಗಿಯಬೇಕಿತ್ತು. ಆದರೆ ಅಷ್ಟು ಹೊತ್ತಿಗೆ ದೊಡ್ಡ ಮಾವ ಪೇಪರ್ ಓದಿ ಮುಗಿಸಿದ್ದರು.

ದೊಡ್ಡ ಮಾವ: ಕಂಬಳ ಅಂದರೆ ಸೆಕೆಂಡಿನ ಲೆಕ್ಕ ಅಲ್ಲ. ಮನೆತನದ ಮರ್ಯಾದೆ. ನಾವು ಹುರುಳಿ ಬೇಯಿಸಿ ಹಾಕಿ, ಎಣ್ಣೆ ತಿಕ್ಕಿ, ಮಕ್ಕಳಿಗಿಂತ ಹೆಚ್ಚು ಪ್ರೀತಿಯಿಂದ ಕೋಣ ಸಾಕಿದವರು. ಕೆಸರಿಗೆ ಕಾಲಿಡದೆ ಕ್ಯಾಲ್ಕುಲೇಟರ್ ಹಿಡಿದು ಕೂತವರಿಗೆ ಇದು ಅರ್ಥ ಆಗುವುದಿಲ್ಲ.

'ಕ್ಯಾಲ್ಕುಲೇಟರ್' ಅಂದದ್ದು ಬೋಲ್ಟ್ ವಿಷಯಕ್ಕಲ್ಲ ಅಂತ ಗುಂಪಿನ ಎಲ್ಲರಿಗೂ ಗೊತ್ತು. ಕಳೆದ ವರ್ಷ ಮನೆಯ ದೈವದ ಕೋಲದ ಖರ್ಚಿನ ಲೆಕ್ಕ ಕೇಳಿದವಳು ಅಕ್ಕ.

ಮಣಿಪಾಲದ ಅಕ್ಕ: ಮಾವ, ಆ ಲೆಕ್ಕ ಇನ್ನೂ ಬಂದಿಲ್ಲ.

ದುಬೈ ತಮ್ಮ: ಅಯ್ಯೋ ಬಿಡಿ ಮಾರಾಯ್ರೇ. ಚಿಕ್ಕವರಿದ್ದಾಗ ರಾತ್ರಿ ಎರಡು ಗಂಟೆಗೆ ಕಂಬಳದ ಬೈಲಲ್ಲಿ ಚರುಂಬುರಿ ತಿಂದದ್ದು ನೆನಪಿದೆಯಾ, ಓಟ ಮುಗಿಯುವ ಮಂಜೊಟ್ಟಿ ಹತ್ತಿರ ನಿಂತು ಮೈಯೆಲ್ಲ ಕೆಸರು ಮಾಡಿಕೊಂಡು, ಮನೆಗೆ ಬಂದರೆ ಅಮ್ಮ ಬಾವಿಕಟ್ಟೆಯಿಂದ ಈಚೆ ಬಿಡುತ್ತಿರಲಿಲ್ಲ, ಮೈಕಿನವನು ಕೋಣದ ಯಜಮಾನರ ಹೆಸರು ಹೇಳುವಾಗ 'ಆಆ' ಅಂತ ಎಳೆಯುವುದು ಈಗಲೂ ಕಿವಿಯಲ್ಲಿ ಉಂಟು. ಇಲ್ಲಿ ಎಲ್ಲ ಸಿಗುತ್ತದೆ, ಆ ಚರುಂಬುರಿ ಮಾತ್ರ ಇಲ್ಲ 😭

ಬೆಂಗಳೂರು ತಮ್ಮ: 2023ರಲ್ಲಿ ಅರಮನೆ ಮೈದಾನದ ಕಂಬಳಕ್ಕೆ ಹೋಗಿದ್ದೆ. ಕೋಣಕ್ಕಿಂತ ಜಾಸ್ತಿ ನೋಡಿದ್ದು ಮುಂದಿನವರ ಬೆನ್ನು.

ದೊಡ್ಡ ಮಾವ: ಮೈದಾನದಲ್ಲಿ ಗುಂಡಿ ತೋಡಿ ನೀರು ಬಿಟ್ಟರೆ ಅದು ಕಂಬಳವಾ? ಕೋರ್ಟಿನಲ್ಲಿ ಕಂಬಳ ನಿಂತಾಗ ಬೀದಿಗೆ ಇಳಿದವರು ನಾವು. 2017ರಲ್ಲಿ ಕಾನೂನು ಬದಲಾಯಿತು, 2023ರಲ್ಲಿ ಸುಪ್ರೀಂ ಕೋರ್ಟೂ ಸರಿ ಅಂದಿತು. ಸುಮ್ನೆ ಬಂದದ್ದಲ್ಲ.

ಚಿಕ್ಕಮ್ಮ: ಅಣ್ಣ, ನೀವು ಬೀದಿಗೆ ಇಳಿದದ್ದು ಯಾವಾಗ? ಆ ದಿನ ನಮ್ಮ ಮನೆಯಲ್ಲಿ ಊಟಕ್ಕೆ ಇದ್ದಿರಿ.

ಬೆಂಗಳೂರು ತಮ್ಮ: ಅದೆಲ್ಲ ಇರಲಿ. ಕೇಂದ್ರ ಕ್ರೀಡಾ ಸಚಿವರೇ ಟ್ರಯಲ್ಸ್‌ಗೆ ಕರೆದರೂ ಗೌಡರು ಹೋಗಲಿಲ್ಲ ಅಲ್ವಾ. ಹೋಗಿದ್ದರೆ ಒಲಿಂಪಿಕ್ಸ್ ಮೆಡಲ್ ಗ್ಯಾರಂಟಿ.

ಮಣಿಪಾಲದ ಅಕ್ಕ: ಯಾಕೆ ಹೋಗಲಿಲ್ಲ ಅಂತ ಅವರೇ ಹೇಳಿದ್ದಾರೆ. ಟ್ರ್ಯಾಕಿನಲ್ಲಿ ಕಾಲಿನ ಬೆರಳ ಮೇಲೆ ಓಡುತ್ತಾರೆ, ಕಂಬಳದಲ್ಲಿ ಹಿಮ್ಮಡಿ ಊರಿ. ಕಾಲಿಗೆ ಪೆಟ್ಟೂ ಆಗಿತ್ತು. ಬೋಲ್ಟ್ ವಿಶ್ವ ಚಾಂಪಿಯನ್, ನಾನು ಕೆಸರುಗದ್ದೆಯಲ್ಲಿ ಓಡುವವನು ಅಂತಲೂ ಅಂದರು.

ಇಡೀ ಗಲಾಟೆಯಲ್ಲಿ ತಲೆ ನೆಟ್ಟಗಿದ್ದವರು ಗೌಡರೊಬ್ಬರೇ ಅಂತ ನನಗೆ ಅನಿಸುತ್ತದೆ. ತನ್ನ ಆಟ ಯಾವುದು, ತಾನು ಓಡುವ ಕೆಸರಿನ ಕರೆ ಯಾವುದು ಅಂತ ಓಡಿದ ಮನುಷ್ಯನಿಗೆ ಸರಿಯಾಗಿ ಗೊತ್ತಿತ್ತು. ಕೂತು ನೋಡಿದ ನಮಗೆ ಮಾತ್ರ ಅವರನ್ನು ಬೋಲ್ಟ್ ಪಕ್ಕ ನಿಲ್ಲಿಸದಿದ್ದರೆ ಸಮಾಧಾನ ಇಲ್ಲ, ಯಾಕೋ. ಇದನ್ನು ಗುಂಪಿನಲ್ಲಿ ಟೈಪ್ ಮಾಡಿ ಅಳಿಸಿದೆ. ಅಡ್ಮಿನ್‌ಗೆ ಅಭಿಪ್ರಾಯ ಇರಬಾರದು.

8:40ಕ್ಕೆ ದೊಡ್ಡ ಮಾವ ಚಾವಡಿಯ ಗೋಡೆಯಲ್ಲಿದ್ದ ಹಳೇ ಫೋಟೊವನ್ನು ಮೊಬೈಲಿನಲ್ಲಿ ತೆಗೆದು ಹಾಕಿದರು. ಗಾಜಿನಲ್ಲಿ ಅವರದ್ದೇ ಬನಿಯನ್ ಕಾಣುತ್ತಿತ್ತು. ಕಪ್ಪು ಬಿಳುಪು. ನಡುವೆ ಅಜ್ಜ, ಹೆಗಲಲ್ಲಿ ಶಾಲು, ಕೈಯಲ್ಲಿ ಗೆದ್ದ ಕಪ್. ಎರಡು ಬದಿಯಲ್ಲಿ ಹಣೆಗೆ ಬೆಳ್ಳಿ ಪಟ್ಟಿ ಕಟ್ಟಿದ ಕೋಣಗಳು.

ದೊಡ್ಡ ಮಾವ: ಇದು ನಮ್ಮ ಮನೆ. ಹಗ್ಗದ ವಿಭಾಗ, ಪ್ರಥಮ. ಒಂದು ಪವನ್ ಚಿನ್ನ. ಬೋಲ್ಟ್ ಆಗ ಹುಟ್ಟಿರಲೂ ಇಲ್ಲ.

ಚಿಕ್ಕಮ್ಮ: ಅಣ್ಣ, ಆ ಒಂದು ಪವನ್ ಈಗ ಎಲ್ಲಿದೆ?

ಮುಗಿಯಿತು. ನಲವತ್ತು ವರ್ಷದಿಂದ ಯಾರೂ ಬಾಯಿ ಬಿಟ್ಟು ಕೇಳದ ಪ್ರಶ್ನೆ ಒಂದು ಫಾರ್ವರ್ಡಿನ ಬೆನ್ನ ಮೇಲೆ ಕೂತು ಬಂತು. ಚಿಕ್ಕಮ್ಮನ ಪ್ರಕಾರ ಅದು ಅವರ ಮದುವೆಗೆ ಅಂತ ಅಜ್ಜ ಎತ್ತಿಟ್ಟದ್ದು. ಮಾವನ ಪ್ರಕಾರ ಅದನ್ನು ಕೋಣಗಳ ಹುರುಳಿಯ ಸಾಲಕ್ಕೆ ಮಾರಿದ್ದು. ಸಣ್ಣ ಮಾವ, ವರ್ಷಕ್ಕೊಮ್ಮೆ ದೀಪಾವಳಿಗೆ ಮಾತ್ರ ಶುಭಾಶಯ ಹಾಕುವವರು, "ದೊಡ್ಡ ಅತ್ತಿಗೆಯ ಬೆಂಡೋಲೆ" ಅಂತ ಮೂರೇ ಪದ ಬರೆದು ಆಫ್‌ಲೈನ್ ಹೋದರು. ಆಮೇಲೆ ಅರ್ಧ ಗಂಟೆಯಲ್ಲಿ 61 ಮೆಸೇಜ್. ಅವನ್ನೆಲ್ಲ ಇಲ್ಲಿ ಹಾಕುವುದಿಲ್ಲ, ಮುಂದಿನ ವಾರ ಮನೆಯಲ್ಲಿ ದೈವಕ್ಕೆ ತಂಬಿಲ ಇದೆ, ಎಲ್ಲರೂ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರಬೇಕು. ನಡುವೆ ಮುಂಬೈ ಭಾವ ಗುಂಪು ಬಿಟ್ಟರು. ನಾನು ವಾಪಸ್ ಸೇರಿಸಿದೆ. ಮತ್ತೆ ಬಿಟ್ಟರು. ಮತ್ತೆ ಸೇರಿಸಿದೆ.

ಆಗ ಅಕ್ಕನ ಮಗಳು, ಪಿಯುಸಿ ಓದುವವಳು, ಫೋಟೊದ ಬಲ ತುದಿಯನ್ನು ದೊಡ್ಡದು ಮಾಡಿ ಹಾಕಿದಳು.

ಪುಟ್ಟಿ: ಇಲ್ಲಿ ಒಂದು ಕೈ ಕಾಣ್ತಿದೆ. ಇದು ಯಾರದ್ದು?

ನಾನು ಆ ಫೋಟೊ ನೋಡುತ್ತಲೇ ಬೆಳೆದವನು, ಆ ಕೈ ನೋಡಿರಲಿಲ್ಲ. ಮೊಣಕೈವರೆಗೆ ಒಣಗಿದ ಕೆಸರು, ಮುಷ್ಟಿಯಲ್ಲಿ ಹಗ್ಗ. ಮೊಣಕೈ ಆದ ಮೇಲೆ ಚೌಕಟ್ಟಿನ ಮರ.

ದೊಡ್ಡ ಮಾವ: ಓಡಿಸಿದವನದ್ದು.

ಪುಟ್ಟಿ: ಹೆಸರು?

'ಟೈಪಿಂಗ್' ಅಂತ ಬಂತು, ಹೋಯಿತು. ಮತ್ತೆ ಬಂತು, ಹೋಯಿತು.

ಚಿಕ್ಕಮ್ಮ: ಕೋಣಗಳ ಹೆಸರು ಕಾಟಿ ಮತ್ತು ಬೊಳ್ಳ.

ದುಬೈ ತಮ್ಮ: ಬೊಳ್ಳ ಅಲ್ಲ ಚಿಕ್ಕಮ್ಮ, ಚೆನ್ನ. ಬೊಳ್ಳ ಆಮೇಲೆ ತಂದದ್ದು.

ದೊಡ್ಡ ಮಾವ: ಚೆನ್ನ. ಸರಿ. ಚೆನ್ನ ಎಡಗಡೆ.

ಪುಟ್ಟಿ: ನಾನು ಕೇಳಿದ್ದು ಮನುಷ್ಯರ ಹೆಸರು ಅಜ್ಜ. ಚಿನ್ನದಲ್ಲಿ ಅವರಿಗೆ ಏನು ಕೊಟ್ಟಿರಿ?

ದೊಡ್ಡ ಮಾವ: ಚಿನ್ನ ಕೋಣದ ಯಜಮಾನರಿಗೆ ಮಗಾ. ಎಲ್ಲ ಕಡೆಯೂ ಹಾಗೇ. ಅವನಿಗೆ ಅಕ್ಕಿ, ಮುಂಡು ಕೊಟ್ಟಿದ್ದಾರೆ. ಅಜ್ಜ ಯಾರಿಗೂ ಕಡಿಮೆ ಮಾಡಿದವರಲ್ಲ.

ಆಮೇಲೆ ಯಾರೂ ಏನೂ ಬರೆಯಲಿಲ್ಲ, ಹತ್ತು ನಿಮಿಷ. ನಮ್ಮ ಗುಂಪಿನಲ್ಲಿ ಅದು ದೊಡ್ಡ ಸಮಯ. ಮೌನ ಮುರಿದದ್ದು ಮುಂಬೈ ಭಾವ, ಇನ್ನೊಂದು ಫಾರ್ವರ್ಡಿನಿಂದ: ವೇಣೂರು ಕಂಬಳದಲ್ಲಿ ನಿಶಾಂತ್ ಶೆಟ್ಟಿ, 9.51, "ನಿನ್ನೆಯ ದಾಖಲೆಯೂ ಪುಡಿಪುಡಿ!" ಅದೂ 2020ರ ಫೆಬ್ರವರಿಯದ್ದೇ. ಅಕ್ಕ ಈ ಸಲ ಬರೀ ಒಂದು ಚುಕ್ಕಿ ಹಾಕಿದಳು.

ರಾತ್ರಿ ದೊಡ್ಡ ಮಾಮಿ, ದಿನಾ ಗುಡ್ ಮಾರ್ನಿಂಗ್ ಗುಲಾಬಿ ಬಿಟ್ಟು ಬೇರೇನೂ ಹಾಕದವರು, ಬರೆದರು: "ಪುಟ್ಟಿ, ಅವರು ನಮ್ಮ ತೋಟದ ಆಚೆ ಇದ್ದವರು. ಅವರ ಹೆಂಡತಿ ನನಗೆ ಹೂ ಕೊಡುತ್ತಿದ್ದಳು. ಹೆಸರು ಬಾಯಿಗೆ ಬರುತ್ತಾ ಉಂಟು. ನಾಳೆ ಹೇಳುತ್ತೇನೆ."

ಇವತ್ತಿಗೆ ಗುರುವಾರ. ಗುಲಾಬಿ ನಾಲ್ಕು ಬಂದಿವೆ.