ಆಗಾಗ ಸ್ಕ್ರೀನ್ ಕಪ್ಪು, ಒಮ್ಮೊಮ್ಮೆ ಪೂರ್ತಿ ಫ್ರೀಜ್: ರ‍್ಯಾಮ್ ಬದಲಿಸಿದ್ರೂ ಹೋಗ್ತಿಲ್ಲ

ಹಾಸನ_ಬಿಲ್ಡ್

ಮನೆಯಲ್ಲೇ ಜೋಡಿಸಿದ ಪಿಸಿ. ರೈಜನ್ 5 5600, ಬಿ550 ಬೋರ್ಡ್, 8 ಜಿಬಿಯ ಎರಡು ಡಿಡಿಆರ್4 3600 ಸ್ಟಿಕ್, ಪಿಸಿಐಇ (ಬೋರ್ಡಿಗೂ ಕಾರ್ಡಿಗೂ ನಡುವಿನ ಲಿಂಕ್) 4.0 ಗ್ರಾಫಿಕ್ಸ್ ಕಾರ್ಡ್ (ಗಾಜಿನ ಕಡೆ ಮುಖ ಮಾಡಿ ನೆಟ್ಟಗೆ ನಿಲ್ಲಿಸಿದೆ), 650 ವಾಟ್ ಪವರ್ ಸಪ್ಲೈ, ವಿಂಡೋಸ್ 11. ಮಾನಿಟರ್ 1440ಪಿ, 144 ಹರ್ಟ್ಸ್, ಡಿಸ್‌ಪ್ಲೇಪೋರ್ಟ್ ಕೇಬಲ್.

ಗೇಮ್ ನಡೀತಿರುವಾಗ 2-3 ಸೆಕೆಂಡ್ ಸ್ಕ್ರೀನ್ ಕಪ್ಪಾಗಿ ವಾಪಸ್ ಬರುತ್ತೆ. ಕೆಲವು ಸಲ ಬರೋದೇ ಇಲ್ಲ. ಇದಲ್ಲದೆ, ಬರೀ ಬ್ರೌಸರ್ ತೆರೆದು ಸುಮ್ಮನೆ ಬಿಟ್ಟಿದ್ದಾಗ ಚಿತ್ರ ಹಾಗೇ ನಿಂತುಬಿಡುತ್ತೆ, ಮೂಲೆಯ ಗಡಿಯಾರವೂ ಓಡಲ್ಲ. ಪವರ್ ಬಟನ್ ಒತ್ತಿ ಹಿಡಿದೇ ಆರಿಸಬೇಕು. ವಿಂಡೋಸ್ ಹೊಸದಾಗಿ ಹಾಕಿದ್ದಾಯ್ತು, ರ‍್ಯಾಮ್ ಬದಲಿಸಿದ್ದಾಯ್ತು. ಇವೆಂಟ್ ವ್ಯೂವರ್ (ವಿಂಡೋಸ್ ತನ್ನ ಎರರ್‌ಗಳನ್ನ ಬರೆದಿಡೋ ಜಾಗ) ತುಂಬಾ ಕರ್ನಲ್-ಪವರ್ 41 ಅನ್ನೋ ಎರರ್. ಪವರ್ ಸಪ್ಲೈ ಕೈಕೊಟ್ಟಿದೆಯಾ?

ಮಲ್ಟಿಮೀಟರ್

41 ನೋಡಿ ಪವರ್ ಸಪ್ಲೈ ಮೇಲೆ ಗೂಬೆ ಕೂರಿಸಬೇಡಿ. ಸರಿಯಾಗಿ ಶಟ್‌ಡೌನ್ ಆಗದೆ ಮತ್ತೆ ಬೂಟ್ ಆಯ್ತು ಅನ್ನೋದಷ್ಟೇ ಅದರ ಅರ್ಥ. ನೀವು ಬಟನ್ ಒತ್ತಿ ಹಿಡಿದಿರಲ್ಲ, ಅದಕ್ಕೂ 41 ಬೀಳುತ್ತೆ. ಸಪ್ಲೈ ಸೋತರೆ ಸಾಮಾನ್ಯವಾಗಿ ಮಷೀನ್ ತಟ್ಟನೆ ಆರುತ್ತೆ ಇಲ್ಲವೇ ರೀಸ್ಟಾರ್ಟ್ ಆಗುತ್ತೆ, ಚಿತ್ರ ನಿಲ್ಲಿಸಿಕೊಂಡು ಕೂರೋದು ಕಡಿಮೆ.

ನನಗೆ ಇಲ್ಲಿ ಕಾಣ್ತಿರೋದು ಎರಡು ಬೇರೆ ಕಾಯಿಲೆ. ಲೋಡ್ ಬಿದ್ದಾಗ ಒಂದು, ಖಾಲಿ ಕೂತಾಗ ಇನ್ನೊಂದು. ಒಂದೇ ಅಂದುಕೊಂಡು ಹುಡುಕಿದರೆ ಒಂದೊಂದೇ ಪಾರ್ಟ್ ಬದಲಿಸ್ತಾ ದುಡ್ಡು ಖಾಲಿಯಾಗುತ್ತೆ.

ಮೊದಲು ತಿಳಿಯಬೇಕಾದ್ದು: ಹೋಗಿದ್ದು ಡಿಸ್‌ಪ್ಲೇ ಮಾತ್ರವಾ, ಇಡೀ ಮಷೀನಾ? ಮುಂದಿನ ಸಲ ಆದಾಗ ಬಟನ್ ಮುಟ್ಟುವ ಮೊದಲು ಕ್ಯಾಪ್ಸ್ ಲಾಕ್ ಒತ್ತಿ. ಕೀಬೋರ್ಡ್‌ನ ಲೈಟ್ ಹತ್ತಿ ಆರಿದರೆ ವಿಂಡೋಸ್ ಜೀವಂತ ಇದೆ. ಹಿಂದೆ ಹಾಡು ಓಡ್ತಿದೆಯಾ ಕೇಳಿ. ಆಮೇಲೆ ವಿಂಡೋಸ್ + ಕಂಟ್ರೋಲ್ + ಶಿಫ್ಟ್ + ಬಿ ಒತ್ತಿ, ಇದು ಗ್ರಾಫಿಕ್ಸ್ ಡ್ರೈವರನ್ನು ರೀಸ್ಟಾರ್ಟ್ ಮಾಡುತ್ತೆ. ಚಿತ್ರ ವಾಪಸ್ ಬಂದರೆ ಸಂಶಯ ಡ್ರೈವರ್, ಕಾರ್ಡ್ ಅಥವಾ ಕೇಬಲ್ ಮೇಲೆ. ಕ್ಯಾಪ್ಸ್ ಲಾಕೂ ಸತ್ತಿದ್ದರೆ ಸಿಪಿಯು, ಮೆಮೊರಿ, ಬಯಾಸ್ (ಬೋರ್ಡಿನೊಳಗಿನ ಮೂಲ ಸಾಫ್ಟ್‌ವೇರ್) ಸೆಟ್ಟಿಂಗ್ ಕಡೆ ಹೋಗಬೇಕು.

ಇವೆಂಟ್ ವ್ಯೂವರ್‌ನಲ್ಲಿ ವಿಂಡೋಸ್ ಲಾಗ್ಸ್, ಸಿಸ್ಟಮ್‌ಗೆ ಹೋಗಿ 41ಕ್ಕಿಂತ ಮೊದಲಿನ ಹತ್ತು ನಿಮಿಷ ಓದಿ. 4101 ಇದ್ದರೆ ಡಿಸ್‌ಪ್ಲೇ ಡ್ರೈವರ್ ಉತ್ತರ ಕೊಡದೆ ರೀಸೆಟ್ ಆಗಿದೆ (ವಿಂಡೋಸ್ ಕಾಯೋದು 2 ಸೆಕೆಂಡ್). 129 ಇದ್ದರೆ ಎಸ್‌ಎಸ್‌ಡಿ ಕಡೆ. ಡಬ್ಲ್ಯುಎಚ್‌ಇಎ-ಲಾಗರ್ (ವಿಂಡೋಸ್ ಹಾರ್ಡ್‌ವೇರ್ ಎರರ್ ಬರೆದಿಡೋದು) 17 ಅಥವಾ 18 ಇದ್ದರೆ ಅದರೊಳಗೆ ಯಾವ ಕಾಂಪೊನೆಂಟ್ ಅಂತ ಬರೆದಿರುತ್ತೆ, ಅದನ್ನ ಇಲ್ಲಿ ಹಾಕಿ.

ಕರಾವಳಿ_ಕೀಬೋರ್ಡ್

ಒಂದು ಸಣ್ಣ ವಿಷಯ, ನಗಬೇಡಿ. ಕುರ್ಚಿಯಿಂದ ಎದ್ದಾಗ ಅಥವಾ ಫ್ಯಾನ್ ಸ್ವಿಚ್ ಹಾಕಿದಾಗ ಕಪ್ಪಾಗ್ತಿದೆಯಾ? ಗ್ಯಾಸ್ ಲಿಫ್ಟ್ ಇರೋ ಆಫೀಸ್ ಕುರ್ಚಿಯಿಂದ ಎದ್ದಾಗ ಸ್ಟ್ಯಾಟಿಕ್ ಡಿಸ್ಚಾರ್ಜ್ ಆಗಿ, ಶೀಲ್ಡಿಂಗ್ ಸರಿಯಿಲ್ಲದ ಕೇಬಲ್‌ನಲ್ಲಿ ಸಿಗ್ನಲ್ ತಪ್ಪುತ್ತೆ. ಕಾರ್ಡಿಗೇನೂ ಆಗಿರಲ್ಲ. ಹಾಗಿದ್ದರೆ 2 ಮೀಟರ್ ಒಳಗಿನ, ವೇಸಾ ಸರ್ಟಿಫೈಡ್ ಕೇಬಲ್ ಹಾಕಿ, ಪಿಸಿ ಚುಚ್ಚಿದ ಸಾಕೆಟ್‌ನ ಅರ್ಥಿಂಗ್ ಎಲೆಕ್ಟ್ರಿಷಿಯನ್ ಹತ್ರ ನೋಡಿಸಿ. ಫೇಸ್-ನ್ಯೂಟ್ರಲ್ ನಡುವೆ ಬರೋ ವೋಲ್ಟೇಜ್ ಫೇಸ್-ಅರ್ಥ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ ಬರಬೇಕು. 230ರ ಬದಲು 120-130 ಅಂತ ತೋರಿಸಿದರೆ ಮೂರನೇ ಪಿನ್ ಹೆಸರಿಗಷ್ಟೇ ಇದೆ ಅಂತ ಲೆಕ್ಕ.

144 ಹರ್ಟ್ಸನ್ನ ಒಂದು ದಿನ 60ಕ್ಕೆ ಇಳಿಸಿಯೂ ನೋಡಿ. ತೊಂದರೆ ನಿಂತುಹೋದರೆ ಕೇಬಲ್ ಮೇಲೇ ಅನುಮಾನ.

ಹಾಸನ_ಬಿಲ್ಡ್

ಕುರ್ಚಿಗೂ ಇದಕ್ಕೂ ಸಂಬಂಧ ಇಲ್ಲ. 60 ಹರ್ಟ್ಸಲ್ಲೂ ಕಪ್ಪಾಯ್ತು. ಕಪ್ಪಾದಾಗ ಹಾಡು ಓಡ್ತಾ ಇತ್ತು, ಕ್ಯಾಪ್ಸ್ ಲಾಕ್ ಲೈಟ್ ಬಂತು. ಖಾಲಿ ಕೂತಾಗಿನ ಫ್ರೀಜ್‌ನಲ್ಲಿ ಕ್ಯಾಪ್ಸ್ ಲಾಕ್ ಸತ್ತಿತ್ತು. 4101 ಇಲ್ಲ, 129 ಇಲ್ಲ. ಡಬ್ಲ್ಯುಎಚ್‌ಇಎ 17 ಮಾತ್ರ ನೂರಾರು, ಕಾಂಪೊನೆಂಟ್: ಪಿಸಿಐ ಎಕ್ಸ್‌ಪ್ರೆಸ್ ರೂಟ್ ಪೋರ್ಟ್. ಗೇಮ್ ಶುರುವಾದ ಮೇಲೇ ಬೀಳುತ್ತೆ.

ಮಲ್ಟಿಮೀಟರ್

ಸಿಕ್ತು. ರೂಟ್ ಪೋರ್ಟ್ ಅಂದ್ರೆ ಪಿಸಿಐಇ ಲಿಂಕಿನ ಸಿಪಿಯು/ಬೋರ್ಡ್ ಕಡೆಯ ತುದಿ. ಕಾರ್ಡ್ ನೆಟ್ಟಗೆ ನಿಲ್ಲಿಸಿದೆ ಅಂದ್ರಿ, ಅಂದರೆ ನಡುವೆ ರೈಸರ್ ಕೇಬಲ್ (ಸ್ಲಾಟಿಂದ ಕಾರ್ಡಿಗೆ ಎಳೆಯೋ ಎಕ್ಸ್‌ಟೆನ್ಶನ್) ಇದೆ. ಅದು 3.0 ರೈಸರ್ ಇರಬೇಕು. ಕಾರ್ಡು, ಬೋರ್ಡು, ಸಿಪಿಯು ಮೂರೂ 4.0. ಅವು ತಾವೇ ಮಾತಾಡಿಕೊಂಡು 4.0 ವೇಗಕ್ಕೆ ಹೋಗ್ತವೆ, ನಡುವಿನ ರೈಸರ್‌ನ ಯೋಗ್ಯತೆ ಅವಕ್ಕೆ ಗೊತ್ತಾಗಲ್ಲ, ಅದರಲ್ಲಿ ಚಿಪ್ ಏನೂ ಇಲ್ಲ, ಬರೀ ತಂತಿ. 3.0ಯಲ್ಲಿ ಒಂದೊಂದು ಲೇನ್‌ಗೆ (ಡೇಟಾ ಹರಿಯೋ ದಾರಿ) ಸೆಕೆಂಡಿಗೆ 8 ಗಿಗಾಟ್ರಾನ್ಸ್‌ಫರ್, 4.0ಯಲ್ಲಿ 16. ಅಷ್ಟು ವೇಗಕ್ಕೆ ಆ ತಂತಿಯಲ್ಲಿ ಸಿಗ್ನಲ್ ಕೆಡುತ್ತೆ. ಕೆಟ್ಟ ಪ್ಯಾಕೆಟ್ ಮತ್ತೆ ಕಳಿಸಿ ಸರಿಮಾಡಿಕೊಂಡಾಗೆಲ್ಲ ಒಂದು 17. ಸರಿಮಾಡಲಾಗದಷ್ಟು ಕೆಟ್ಟಾಗ ಸ್ಕ್ರೀನ್ ಕಪ್ಪು.

ಬಯಾಸ್‌ನಲ್ಲಿ ಮೇಲಿನ ಎಕ್ಸ್16 ಸ್ಲಾಟಿನ ಲಿಂಕ್ ಸ್ಪೀಡ್ 'ಆಟೋ' ಇರುತ್ತೆ, ಅದನ್ನ ಜೆನ್3 (ಅಂದರೆ 3.0) ಮಾಡಿ. ಜಿಪಿಯು-ಝಡ್ (ಕಾರ್ಡಿನ ವಿವರ ತೋರಿಸೋ ಸಾಫ್ಟ್‌ವೇರ್) ಹಾಕಿ ಬಸ್ ಇಂಟರ್‌ಫೇಸ್ ಪಕ್ಕದ ಪ್ರಶ್ನಾರ್ಥಕ ಚಿಹ್ನೆ ಒತ್ತಿ ರೆಂಡರ್ ಟೆಸ್ಟ್ ಓಡಿಸಿ, ಆಗ 3.0 ತೋರಿಸಬೇಕು. ಟೆಸ್ಟ್ ಓಡಿಸದೆ ನೋಡಿದರೆ 1.1 ಕಾಣಿಸಬಹುದು, ಗಾಬರಿ ಬೇಡ, ಕೆಲಸವಿಲ್ಲದಾಗ ಲಿಂಕ್ ನಿಧಾನಕ್ಕೆ ಇಳಿಯುತ್ತೆ. ಕಾರ್ಡ್ 16 ಲೇನಿನದಾದರೆ ಗೇಮ್‌ನಲ್ಲಿ ವ್ಯತ್ಯಾಸ ಗೊತ್ತಾಗೋದು ಕಷ್ಟ. 8 ಲೇನಿನದಾದರೆ, ವಿಡಿಯೊ ಮೆಮೊರಿ ತುಂಬಿದಾಗ ಸ್ವಲ್ಪ ತಡವರಿಸುತ್ತೆ.

ಇನ್ನೂ ಗಟ್ಟಿ ಪರೀಕ್ಷೆ ಬೇಕಂದ್ರೆ ರೈಸರ್ ತೆಗೆದು ಕಾರ್ಡನ್ನ ನೇರ ಸ್ಲಾಟಿಗೆ ಹಾಕಿ 'ಆಟೋ'ದಲ್ಲೇ ಓಡಿಸಿ.

ಎರಡನೇ ಕಾಯಿಲೆ ಬೇರೆ. ಖಾಲಿ ಕೂತಾಗ ರೈಜನ್ ಆಳವಾದ ನಿದ್ದೆಗೆ ಇಳಿದು ತೀರಾ ಕಡಿಮೆ ಕರೆಂಟ್ ಎಳೆಯುತ್ತೆ, ಕೆಲವು ಬೋರ್ಡ್-ಸಪ್ಲೈ ಜೋಡಿಗೆ ಅದು ಒಗ್ಗಲ್ಲ. ಬಯಾಸ್‌ನಲ್ಲಿ ಎಎಂಡಿ ಸಿಬಿಎಸ್ ಮೆನುವಿನ ಒಳಗೆ 'ಪವರ್ ಸಪ್ಲೈ ಐಡಲ್ ಕಂಟ್ರೋಲ್' ಅಂತಿದೆ, ಅದನ್ನ 'ಟಿಪಿಕಲ್ ಕರೆಂಟ್ ಐಡಲ್' ಮಾಡಿ. ಖಾಲಿ ಇದ್ದಾಗ ಕೆಲವೇ ವಾಟ್ ಹೆಚ್ಚು ತಿನ್ನುತ್ತೆ, ಅಷ್ಟೆ. ಜೊತೆಗೆ ಒಂದು ವಾರ ಎಕ್ಸ್‌ಎಂಪಿ (ರ‍್ಯಾಮನ್ನ ಅದರ ಪ್ಯಾಕ್ ಮೇಲಿನ ಹೆಚ್ಚಿನ ವೇಗಕ್ಕೆ ಓಡಿಸೋ ಬಯಾಸ್ ಸೆಟ್ಟಿಂಗ್) ಆಫ್. 5600ಗೆ ಎಎಂಡಿ ಹೇಳಿರೋದು 3200, 3600 ಅನ್ನೋದು ಓವರ್‌ಕ್ಲಾಕ್. ಸ್ಟಿಕ್ ಸಿಪಿಯು ಕಡೆಯಿಂದ 2 ಮತ್ತು 4ನೇ ಸ್ಲಾಟಲ್ಲಿವೆಯಾ ನೋಡಿ. ಮೆಮ್‌ಟೆಸ್ಟ್86 (ರ‍್ಯಾಮ್ ಪರೀಕ್ಷಿಸೋ ಸಾಫ್ಟ್‌ವೇರ್) ನಾಲ್ಕು ಪಾಸ್ ರಾತ್ರಿ ಓಡಿಸಿ. ಒಂದೇ ಒಂದು ಎರರ್ ಬಂದರೂ ಫೇಲ್.

ಎಲ್ಲ ಒಟ್ಟಿಗೆ ಬದಲಿಸಬೇಡಿ. ಎರಡು ದಿನಕ್ಕೊಮ್ಮೆ ಆಗ್ತಿದ್ದರೆ, ಒಂದು ಬದಲಾವಣೆ ಮಾಡಿ ಆರು ದಿನವಾದರೂ ಕಾಯಿರಿ.

ಸ್ಕ್ರೂಡ್ರೈವರ್_ಶೆಟ್ರು

ಬಯಾಸ್ ಅಪ್‌ಡೇಟ್ ಮಾಡೋ ಯೋಚನೆ ಇದ್ರೆ ಮೊದಲು ಬಿಟ್‌ಲಾಕರ್ (ವಿಂಡೋಸ್‌ನ ಡಿಸ್ಕ್ ಎನ್‌ಕ್ರಿಪ್ಶನ್) ಸಸ್ಪೆಂಡ್ ಮಾಡಿ, ರಿಕವರಿ ಕೀ ಪೇಪರಲ್ಲಿ ಬರೆದಿಡಿ. ಕರೆಂಟ್ ಹೋಗೋ ಹೊತ್ತಲ್ಲಿ ಯುಪಿಎಸ್ ಇಲ್ಲದೆ ಫ್ಲ್ಯಾಶ್ ಮಾಡಬೇಡಿ. ಅಪ್‌ಡೇಟ್ ಆದಮೇಲೆ ಸೆಟ್ಟಿಂಗ್‌ಗಳು ಡಿಫಾಲ್ಟ್‌ಗೆ ಹೋಗಿರುತ್ತವೆ, ಜೆನ್3 ಮತ್ತೆ ನೀವೇ ಹಾಕಬೇಕು. ಇದನ್ನ ಮರೆತು 'ಅಪ್‌ಡೇಟಿಂದ ಕೆಡ್ತು' ಅನ್ನೋರೇ ಜಾಸ್ತಿ.

ಕಾರ್ಡಿಗೆ ಎರಡು 8-ಪಿನ್ ಇದ್ದರೆ ಒಂದೇ ಕೇಬಲಿನ ಎರಡು ತುದಿ ಚುಚ್ಚಬೇಡಿ, ಸಪ್ಲೈನಿಂದ ಎರಡು ಬೇರೆ ಕೇಬಲ್ ಎಳೆಯಿರಿ.

ಹಾಸನ_ಬಿಲ್ಡ್

ಜೆನ್3 ಮಾತ್ರ ಮಾಡಿ ಆರು ದಿನ ಬಿಟ್ಟೆ. 17 ಒಂದೂ ಇಲ್ಲ, ಕಪ್ಪಾಗಿಲ್ಲ. ಖಾಲಿ ಫ್ರೀಜ್ ಎರಡು ಸಲ ಆಯ್ತು. ಆಮೇಲೆ ಐಡಲ್ ಕಂಟ್ರೋಲ್ ಬದಲಿಸಿದೆ, ಎಂಟು ದಿನ ಆಯ್ತು, ಆಗಿಲ್ಲ. ಎಕ್ಸ್‌ಎಂಪಿ ಆಫ್ ಮಾಡೋ ಪ್ರಮೇಯ ಬರಲಿಲ್ಲ, 3600ರಲ್ಲೇ ಇದೆ. ಮೆಮ್‌ಟೆಸ್ಟ್ ನಾಲ್ಕೂ ಪಾಸ್. ರೈಸರ್ ಡಬ್ಬಿ ಹುಡುಕಿ ನೋಡಿದೆ, ಮೂಲೆಯಲ್ಲಿ ಸಣ್ಣಕ್ಷರದಲ್ಲಿ 3.0 ಅಂತಿದೆ.

ಮಲ್ಟಿಮೀಟರ್

ಹಾಗಾದ್ರೆ ಹಳೇ ರ‍್ಯಾಮ್ ಮಾರಿಬಿಟ್ಟಿಲ್ಲ ತಾನೇ? ಅದನ್ನೂ ಒಂದು ರಾತ್ರಿ ಮೆಮ್‌ಟೆಸ್ಟಿಗೆ ಕೂರಿಸಿ. ಬಹುಶಃ ಏನೂ ಆಗಿರಲ್ಲ.