ಅರ್ಧ ದಿನದಲ್ಲಿ ಹತ್ತಿ ಇಳಿದು ಮನೆಗೆ ಬರೋ ಬೆಟ್ಟ ಯಾವ್ದಿದೆ?

ರಾಜಾಜಿನಗರದವಳು:
ಎಲ್ರಿಗೂ ನಮಸ್ಕಾರ. ಈ ಭಾನುವಾರ ಬೆಂಗಳೂರಿಂದ ಬೆಳಿಗ್ಗೆ ಬೇಗ ಹೊರಟು ಮಧ್ಯಾಹ್ನ ಮೂರು ಗಂಟೆ ಒಳಗೆ ವಾಪಸ್ ಬರೋ ಹಾಗೆ ಒಂದು ಬೆಟ್ಟ ಹೇಳಿ. ಮಗಳಿಗೆ ಒಂಬತ್ತು ವರ್ಷ, ಚೆನ್ನಾಗಿ ನಡೀತಾಳೆ, ಅಪ್ಪನೂ ಬರ್ತೀನಿ ಅಂತಿದಾರೆ ಆದ್ರೆ ಅವ್ರಿಗೆ ಮಂಡಿ ನೋವು. ಕಾರಿಲ್ಲ, ಬಸ್ಸು ಇಲ್ಲಾಂದ್ರೆ ಟ್ರೈನೇ ಗತಿ. ನಂದಿ ಬೆಟ್ಟ ಬೇಡ, ವೀಕೆಂಡಲ್ಲಿ ಸಿಕ್ಕಾಪಟ್ಟೆ ರಶ್. ವಾರವೆಲ್ಲ ಸ್ಕ್ರೀನ್ ನೋಡಿ ಸಾಕಾಗಿದೆ, ಸ್ವಲ್ಪ ಹಸಿರು, ಗಾಳಿ ಸಿಕ್ರೆ ಸಾಕು. ಸಾವನದುರ್ಗ ಹೇಗೆ?

ದಾಬಸ್‌ಪೇಟೆ ಹುಡ್ಗ:
ಸಾವನದುರ್ಗ ಈ ಸಲ ಬೇಡ ಮೇಡಂ. 1226 ಮೀಟರ್ ಎತ್ತರದ ಬೆಟ್ಟ, ಕರಿಗುಡ್ಡದ ಕಡೆ ಮೆಟ್ಟಿಲಿಲ್ಲ, ಬರೀ ಇಳಿಜಾರು ಬಂಡೆ, ಬಿಸಿಲು ಏರಿದ್ರೆ ನೆರಳು ಅನ್ನೋದೇ ಇರಲ್ಲ, ಒಂದು ಹನಿ ಮಳೆ ಬಿದ್ರೂ ಕಾಲು ಜಾರುತ್ತೆ. ಮಗು ಜೊತೆ ಆದ್ರೆ ಶಿವಗಂಗೆಗೆ ಹೋಗಿ. ಮೆಟ್ಟಿಲಿದೆ, ಕಡಿದಾದ ಕಡೆ ಕಬ್ಬಿಣದ ಕಂಬಿ ಇದೆ. ದಾರಿ ಮಧ್ಯ ಒಳಕಲ್ಲು ತೀರ್ಥ ಸಿಗುತ್ತೆ, ಬಂಡೆಯೊಳಗಿನ ಗುಂಡಿಗೆ ಕೈ ಇಳಿಬಿಟ್ಟು ನೀರು ಸಿಗುತ್ತಾ ಅಂತ ನೋಡ್ತಾರೆ, ಸಿಕ್ಕಿದ್ರೆ ಪುಣ್ಯ ಅಂತ ನಂಬಿಕೆ, ಮಕ್ಕಳಿಗೆ ಅದು ಬಹಳ ಖುಷಿ. ಮೇಲೆ ಬಂಡೆ ಮೇಲೆ ದೊಡ್ಡ ನಂದಿ ಇದೆ. ಹೊಯ್ಸಳ ರಾಣಿ ಶಾಂತಲೆ ತೀರ್ಕೊಂಡಿದ್ದು ಇಲ್ಲೇ ಅಂತಾರೆ. ಹತ್ತೋಕೆ ಒಂದೂವರೆ ಎರಡು ಗಂಟೆ ಇಟ್ಕೊಳಿ. ತಿಂಡಿ ಕೈಯಲ್ಲಿ ಕವರ್‌ನಲ್ಲಿ ಹಿಡ್ಕೊಂಡು ಹೋಗ್ಬೇಡಿ, ಕೋತಿಗಳು ಸೀದಾ ಕಿತ್ಕೊಳ್ತವೆ, ಬ್ಯಾಗ್ ಒಳಗೆ ಹಾಕಿ ಜಿಪ್ ಎಳೀರಿ. ತುಮಕೂರು ರೂಟ್ ಬಸ್ಸಲ್ಲಿ ದಾಬಸ್‌ಪೇಟೆಗೆ ಬಂದು ಅಲ್ಲಿಂದ ಆಟೋ ಮಾಡ್ಕೊಳಿ. ಅಪ್ಪಾಜಿ ಕೆಳಗೆ ಗಂಗಾಧರೇಶ್ವರ ದೇವಸ್ಥಾನದ ಹತ್ರ ಕೂತಿರಬಹುದು, ಮಂಡಿ ನೋವಿಗೆ ಹತ್ತೋದಕ್ಕಿಂತ ಇಳಿಯೋದೇ ಜಾಸ್ತಿ ತೊಂದ್ರೆ.

ಹಕ್ಕಿಪ್ರಿಯ:
ಟ್ರೈನ್ ಅಂದ್ರೆ ರಾಮನಗರ. ಮೈಸೂರು ಲೈನಲ್ಲಿ ಇಳಿದು ಆಟೋದಲ್ಲಿ ರಾಮದೇವರ ಬೆಟ್ಟಕ್ಕೆ ಹೋಗಿ. ಅದು ರಣಹದ್ದು ಧಾಮ, 2012ರಲ್ಲಿ ಘೋಷಣೆ ಆಗಿದ್ದು. ಬಂಡೆ ಗೋಡೆ ಮೇಲೆ ಸುಣ್ಣ ಸುರಿದಂಗೆ ಬಿಳಿ ಗೆರೆ ಕಂಡ್ರೆ ಅದು ಅವುಗಳ ಹಿಕ್ಕೆ, ಅಲ್ಲೇ ಮೇಲೆ ಕೂತ್ಕೊಳೋ ಜಾಗ ಇರುತ್ತೆ, ನಾನು ಬೈನಾಕ್ಯುಲರ್ ಹಿಡಿದು ಮೊದ್ಲು ಹುಡುಕೋದೇ ಆ ಗೆರೆನ. ತೀರಾ ಬೆಳ್ಬೆಳಿಗ್ಗೆ ಹಾರೋದು ಕಮ್ಮಿ, ಬಂಡೆ ಕಾದು ಬಿಸಿ ಗಾಳಿ ಏಳ್ಬೇಕು, ಆಮೇಲೆ ರೆಕ್ಕೆ ಬಡೀದೇನೇ ಸುತ್ತುತ್ತವೆ. ದನಗಳಿಗೆ ಕೊಡ್ತಿದ್ದ ಡೈಕ್ಲೋಫೆನಾಕ್ ಅನ್ನೋ ನೋವಿನ ಔಷಧಿ ಸತ್ತ ದನದ ಮಾಂಸದ ಮೂಲಕ ಹೊಟ್ಟೆಗೆ ಸೇರಿ ಕಿಡ್ನಿ ಹೋಗಿ ದೇಶದ ತುಂಬಾ ರಣಹದ್ದು ಸತ್ವು, 2006ರಲ್ಲಿ ಪಶುಗಳಿಗೆ ಅದನ್ನ ಬ್ಯಾನ್ ಮಾಡಿದ್ರು. ಉಳಿದಿರೋದು ಕೆಲವೇ ಕೆಲವು, ದಯವಿಟ್ಟು ಅಲ್ಲಿ ಕೂಗಾಡ್ಬೇಡಿ, ಸ್ಪೀಕರ್ ಹಾಕ್ಬೇಡಿ, ಡ್ರೋನ್ ಅಂತೂ ಮುಟ್ಲೇಬೇಡಿ. ಮಗಳಿಗೆ ಇದನ್ನೆಲ್ಲ ಹೇಳ್ಕೊಂಡು ಕರ್ಕೊಂಡು ಹೋಗಿ, ಪಾಠಕ್ಕಿಂತ ಚೆನ್ನಾಗಿ ಮನಸ್ಸಲ್ಲಿ ನಿಲ್ಲುತ್ತೆ.

ಕನಕಪುರ ರೋಡ್:
ಅಪ್ಪನಿಗೋಸ್ಕರ ಹೇಳೋದಾದ್ರೆ ತುರಹಳ್ಳಿ ಕಾಡು ನೋಡಿ. ಸಿಟಿಯಲ್ಲೇ ಇದೆ, ಹೆಚ್ಚು ಏರಿಲ್ಲ, ಮಣ್ಣು ದಾರಿ. ಸ್ಕಂದಗಿರಿ, ಮಾಕಳಿದುರ್ಗ ಅಂತ ಯಾರಾದ್ರೂ ಹೇಳಿದ್ರೆ ಮೊದ್ಲೇ ಆನ್‌ಲೈನ್ ಬುಕ್ ಮಾಡ್ಬೇಕು, ನೆನಪಿಟ್ಕೊಳಿ.

ರಾಜಾಜಿನಗರದವಳು:
ತುಂಬಾ ಥ್ಯಾಂಕ್ಸ್ ಎಲ್ರಿಗೂ. ರಣಹದ್ದು ಅಂದ ತಕ್ಷಣ ಮಗಳು ಅದೇ ಬೇಕು ಅಂತಿದಾಳೆ. ರಾಮದೇವರ ಬೆಟ್ಟ ಅಪ್ಪನ ಕೈಲಿ ಆಗುತ್ತಾ?

ಹಕ್ಕಿಪ್ರಿಯ:
ಮೆಟ್ಟಿಲಿದೆ ಮೇಡಂ, ಕೂತು ಕೂತು ಹತ್ತಿದ್ರೆ ದೇವಸ್ಥಾನದವರೆಗೆ ಆಗಬಹುದು. ಅದರ ಮೇಲಿನ ಬಂಡೆಗೆ ಬೇಡ. ಒಂದು ಕೋಲು ಕೊಡಿ, ಇಳಿಯುವಾಗ ಬೇಕಾಗುತ್ತೆ. ತಲೆಗೆ ಟೋಪಿ, ತಲಾ ಎರಡು ಲೀಟರ್ ನೀರು. ಬೈನಾಕ್ಯುಲರ್ ಇಲ್ಲದಿದ್ರೆ ಯಾರ ಹತ್ರನಾದ್ರೂ ಕೇಳಿ ತಗೊಳಿ.